ಐಕಿಡೋ ಪಟ್ಟಿನ ಕಲೆಯೇ?

ಐಕಿಡೋ ಜಪಾನಿನ ಸಮರಕಲೆ. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಅದಕ್ಕೆ ರೂಪ ಕೊಟ್ಟವರು ಮೊರಿಹೇ ಉಯೆಶಿಬಾ (1883–1969). ‘ಐಕಿಡೋ’ ಎಂಬ ಹೆಸರು ಅಧಿಕೃತವಾಗಿ ದಾಖಲಾದದ್ದು 1942ರಲ್ಲಿ. ಅಭ್ಯಾಸ ನೋಡಲು ಹೋದವರಿಗೆ ಕಾಣುವ ದೃಶ್ಯ ಬಹುಮಟ್ಟಿಗೆ ಎಲ್ಲ ಕಡೆಯೂ ಒಂದೇ: ಒಬ್ಬ ಮುನ್ನುಗ್ಗಿ ಇನ್ನೊಬ್ಬನ ಮಣಿಕಟ್ಟು ಹಿಡಿಯುತ್ತಾನೆ, ಹಿಡಿಸಿಕೊಂಡವನು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ತಿರುಗುತ್ತಾನೆ, ಮರುಕ್ಷಣ ಹಿಡಿದವನೇ ಚಾಪೆಯ ಮೇಲೆ ಉರುಳಿರುತ್ತಾನೆ, ಇಲ್ಲವೇ ಬೋರಲಾಗಿ ಬಿದ್ದು, ತೋಳಿನ ನೋವು ತಾಳದೆ ನೆಲ ತಟ್ಟುತ್ತಿರುತ್ತಾನೆ. ಗುದ್ದು, ಒದೆತ ಕಾಣುವುದೇ ಅಪರೂಪ. ಹಾಗೆಂದು ಕುಸ್ತಿಯಂತೆ ಮೈಗೆ ಮೈ ಹಚ್ಚಿ ಸೆಣಸುವುದೂ ಇಲ್ಲ. ಇದನ್ನು ಕುಸ್ತಿ, ಜೂಡೋಗಳ ಸಾಲಿಗೆ ಸೇರಿಸಬೇಕೇ ಬೇಡವೇ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಂದಲೇ.

ಬರಿಗೈ ಕಾಳಗದ ಕಲೆಗಳನ್ನು ಸಾಮಾನ್ಯವಾಗಿ ಎರಡು ಗುಂಪು ಮಾಡುತ್ತಾರೆ. ಬಾಕ್ಸಿಂಗ್, ಕರಾಟೆ, ಟೇಕ್ವಾಂಡೋ ಮೊದಲಾದವು ಹೊಡೆತದ ಕಲೆಗಳು. ಅಲ್ಲಿ ಕೈಕಾಲು ಎದುರಾಳಿಯ ಮೈಗೆ ತಗಲಿ ಕೂಡಲೇ ಹಿಂದೆ ಬರುತ್ತವೆ. ಕುಸ್ತಿ, ಜೂಡೋ, ಸುಮೋ, ರಷ್ಯಾದ ಸಾಂಬೋ, ಬ್ರೆಜಿಲಿಯನ್ ಜುಜುತ್ಸು ಇವೆಲ್ಲ ಪಟ್ಟಿನ ಕಲೆಗಳು. ಇಂದಿನ ಕ್ರೀಡಾಭಾಷೆಯಲ್ಲಿ ಗ್ರಾಪ್ಲಿಂಗ್. ಇಲ್ಲಿ ಹಿಡಿತವೇ ಆಯುಧ. ನಿಂತು ತೆಕ್ಕೆ ಬೀಳುವುದು, ಸಮತೋಲ ಕೆಡಿಸಿ ಕೆಡವುವುದು, ಎತ್ತಿ ಎಸೆಯುವುದು, ಕೆಡವಿದವನನ್ನು ಅಲುಗಾಡದಂತೆ ಒತ್ತಿಹಿಡಿಯುವುದು, ಕೀಲು ತಿರುಚುವುದು, ಕತ್ತು ಬಿಗಿಯುವುದು ಎಲ್ಲವೂ ಇದರಲ್ಲಿ ಸೇರುತ್ತವೆ. ಗರಡಿಯ ಪೈಲ್ವಾನರು ಬಳಸುವ ‘ಪಟ್ಟು’ ಎಂಬ ಮಾತಿನಲ್ಲಿ ಈ ಪೂರ್ತಿ ಅರ್ಥ ಅಡಗಿದೆ. ಹಿಡಿಯುವುದು ಮಾತ್ರ ಪಟ್ಟಲ್ಲ, ಹಿಡಿದು ಎದುರಾಳಿಯನ್ನು ಅವನ ಇಷ್ಟಕ್ಕೆ ವಿರುದ್ಧವಾಗಿ ಮಣಿಸುವ ಉಪಾಯವೇ ಪಟ್ಟು.

ಒಂದು ಪಟ್ಟಿನ ಕಲೆಯಲ್ಲಿ ಇವೆಲ್ಲವೂ ಇರಲೇಬೇಕೆಂಬ ನಿಯಮವಿಲ್ಲ. ಆದರೆ ಕಳೆದ ಮೂರು ದಶಕಗಳಲ್ಲಿ ಗ್ರಾಪ್ಲಿಂಗ್ ಎಂಬ ಪದದ ಅರ್ಥವೇ ಕಿರಿದಾಗಿದೆ. 1993ರ ನವೆಂಬರಿನಲ್ಲಿ ಅಮೆರಿಕದ ಡೆನ್ವರ್ ನಗರದಲ್ಲಿ ಬೇರೆ ಬೇರೆ ಕಲೆಗಳವರನ್ನು ಒಂದೇ ಕಣದಲ್ಲಿ ಎದುರುಬದುರಾಗಿಸಿದ ಮೊದಲ ಯುಎಫ್‌ಸಿ ಪಂದ್ಯಾವಳಿ ನಡೆಯಿತು. ಹೇಳಿಕೊಳ್ಳುವಂಥ ದೇಹದಾರ್ಢ್ಯವಿಲ್ಲದ ಬ್ರೆಜಿಲಿನ ರಾಯ್ಸ್ ಗ್ರೇಸಿ ತನಗಿಂತ ಬಲಿಷ್ಠರನ್ನು ನೆಲಕ್ಕೆಳೆದು, ಕತ್ತು ಬಿಗಿದು ಸೋಲೊಪ್ಪಿಸಿದ. ಅಂದಿನಿಂದ ಗ್ರಾಪ್ಲಿಂಗ್ ಎಂದರೆ ನೆಲದ ಮೇಲೆ ಹೊರಳಾಡುವ ಕಾಳಗ ಎಂಬ ಭಾವನೆ ಬೇರೂರಿತು. ಆ ಅಳತೆಗೋಲು ಹಿಡಿದರೆ ಐಕಿಡೋ ಪಟ್ಟಿನ ಕಲೆಯಲ್ಲವೇ ಅಲ್ಲ. ಆದರೆ ಅದೇ ಅಳತೆಗೆ ಸುಮೋ ಕೂಡ ನಿಲ್ಲದು: ಅಂಗಾಲು ಬಿಟ್ಟು ದೇಹದ ಯಾವ ಭಾಗ ನೆಲಕ್ಕೆ ತಾಗಿದರೂ ಸುಮೋ ಪಂದ್ಯ ಅಲ್ಲಿಗೇ ಮುಗಿಯುತ್ತದೆ, ನೆಲದ ಕಾಳಗಕ್ಕೆ ಎಡೆಯೇ ಇಲ್ಲ. ಸುಮೋವನ್ನು ಪಟ್ಟಿನ ಕಲೆಯಲ್ಲ ಎನ್ನುವ ಧೈರ್ಯ ಯಾರಿಗೂ ಇರದು. ಆದ್ದರಿಂದ ನೆಲದ ಕಾಳಗವಿಲ್ಲ ಎಂಬ ಒಂದೇ ಕಾರಣಕ್ಕೆ ಐಕಿಡೋವನ್ನು ಹೊರಗಿಡುವುದು ಸರಿಯಲ್ಲ.

ವಂಶ ನೋಡಿದರೆ ಸಂದೇಹಕ್ಕೆ ಜಾಗವಿಲ್ಲ. ಉಯೆಶಿಬಾ ಹುಟ್ಟಿದ್ದು ವಾಕಾಯಾಮಾ ಪ್ರಾಂತದ ತನಾಬೆಯಲ್ಲಿ. 1912ರಲ್ಲಿ ಹೊಸ ನೆಲಸುಗಾರರ ತಂಡದೊಡನೆ ಉತ್ತರದ ಹೊಕ್ಕೈಡೋ ದ್ವೀಪಕ್ಕೆ ಹೋದರು. ಅಲ್ಲಿನ ಎಂಗಾರು ಎಂಬ ಊರಿನಲ್ಲಿ 1915ರಲ್ಲಿ ಸೊಕಾಕು ತಕೇದಾ ಅವರ ಭೇಟಿಯಾಯಿತು. ತಕೇದಾ ಕಲಿಸುತ್ತಿದ್ದದ್ದು ದೈತೋ-ರ್ಯೂ ಐಕಿ ಜುಜುತ್ಸು. ಜುಜುತ್ಸು ಎಂಬುದು ಸಮುರಾಯಿಗಳ ಕಾಲದ ಹಿಡಿತದ ವಿದ್ಯೆಗಳಿಗೆಲ್ಲ ಇದ್ದ ಸಾಮಾನ್ಯ ಹೆಸರು. ರಣರಂಗದಲ್ಲಿ ಕವಚ ತೊಟ್ಟವರು ತೆಕ್ಕೆಗೆ ಬಿದ್ದು ಹೋರಾಡುತ್ತಿದ್ದ ಕುಮಿಉಚಿ ಅದರ ಹಳೆಯ ಬೇರುಗಳಲ್ಲೊಂದು. ದೈತೋ-ರ್ಯೂವಿನ ಮೊದಲ ಹಂತದ ಪಠ್ಯದಲ್ಲೇ 118 ಪಟ್ಟುಗಳಿವೆ. ಐಕಿಡೋದಲ್ಲಿ ಇಂದು ಕಲಿಸುವ ಮುಖ್ಯ ಪಟ್ಟುಗಳೆಲ್ಲ ಬಹುಮಟ್ಟಿಗೆ ಅಲ್ಲಿಂದ ಬಂದವು. ಕೆಲವು ತಿದ್ದಿದವು, ಕೆಲವು ಸರಳಗೊಳಿಸಿದವು. ಜೂಡೋ ಕೂಡ ಇದೇ ದೊಡ್ಡ ಮರದ ಕೊಂಬೆ: 1882ರಲ್ಲಿ ಕೊಡೋಕಾನ್ ಶಾಲೆ ತೆರೆದ ಜಿಗೊರೊ ಕಾನೋ ತೆನ್ಜಿನ್ ಶಿನ್ಯೋ-ರ್ಯೂ ಮತ್ತು ಕಿತೋ-ರ್ಯೂ ಎಂಬ ಎರಡು ಜುಜುತ್ಸು ಪರಂಪರೆಗಳಿಂದ ಅದನ್ನು ಕಟ್ಟಿದರು. ಹೀಗೆ ಜೂಡೋ ಮತ್ತು ಐಕಿಡೋ ದಾಯಾದಿಗಳು. ಒಂದು ಕೊರಳಪಟ್ಟಿ ಮತ್ತು ತೋಳಿನ ಬಟ್ಟೆ ಹಿಡಿಯುವ ದಾರಿ ಹಿಡಿಯಿತು, ಇನ್ನೊಂದು ಮಣಿಕಟ್ಟಿನ ದಾರಿ.

ಮಣಿಕಟ್ಟೇ ಏಕೆ? ಬೀದಿಜಗಳದಲ್ಲಿ ಯಾರೂ ಹೀಗೆ ಕೈ ಹಿಡಿದು ನಿಲ್ಲುವುದಿಲ್ಲ ಎಂಬುದು ಐಕಿಡೋ ಬಗ್ಗೆ ಎಲ್ಲೆಡೆ ಕೇಳಿಬರುವ ಆಕ್ಷೇಪ. ಉತ್ತರ ಕತ್ತಿಯಲ್ಲಿದೆ. ಸಮುರಾಯಿ ಕತ್ತಿ ಸಿಕ್ಕಿಸುತ್ತಿದ್ದದ್ದು ಎಡ ಸೊಂಟಕ್ಕೆ, ಹಿರಿಯುತ್ತಿದ್ದದ್ದು ಬಲಗೈಯಿಂದ. ಅವನನ್ನು ತಡೆಯಬೇಕೆಂದವನಿಗೆ ಅತಿ ತುರ್ತಿನ ಕೆಲಸ ಆ ಬಲಗೈಯನ್ನು ಹಿಡಿದುಬಿಡುವುದು. ಹಿಡಿಸಿಕೊಂಡವನಿಗೆ ಅಷ್ಟೇ ತುರ್ತಿನ ಕೆಲಸ ಕೈ ಬಿಡಿಸಿಕೊಳ್ಳುವುದು ಅಥವಾ ಹಿಡಿದವನನ್ನೇ ಕೆಡವುವುದು. ಆಯುಧ ಎದುರಿಗಿದ್ದಾಗ ಎದುರಾಳಿಯ ಎದೆಗೆ ಎದೆ ಕೊಟ್ಟು ತೆಕ್ಕೆ ಬೀಳುವುದು ಸಾವನ್ನು ಅಪ್ಪಿಕೊಂಡ ಹಾಗೆ. ಆಯುಧ ಹಿಡಿದ ಕೈಯನ್ನು ಎರಡೂ ಕೈಯಿಂದ ಕಟ್ಟಿಹಾಕಿ, ಮೈಯನ್ನು ದೂರವಿಡುವುದೇ ಜಾಣತನ. ಐಕಿಡೋದ ಹಿಡಿತ ತೋಳಿಗೆ ಸೀಮಿತವಾದದ್ದು ಈ ಕಾರಣಕ್ಕೆ. ಮಂಡಿಯೂರಿ ಕುಳಿತೇ ಮಾಡುವ ಸುವಾರಿವಾಜಾ ಎಂಬ ಅಭ್ಯಾಸವೂ ಹೀಗೆಯೇ ಬಂದದ್ದು: ಚಾಪೆ ಹಾಸಿದ ಒಳಮನೆಯಲ್ಲಿ ಮಂಡಿಯೂರಿ ಕುಳಿತವರ ನಡುವೆ ಎದ್ದ ಕಲಹದ ನೆನಪು ಅದು.

ಪಟ್ಟುಗಳನ್ನು ಒಂದೊಂದಾಗಿ ನೋಡಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ಐಕಿಡೋದ ತಳಹದಿ ಐದು ಪಾಠಗಳು; ಅವುಗಳ ಹೆಸರೂ ‘ಮೊದಲನೆಯ ಪಾಠ’, ‘ಎರಡನೆಯ ಪಾಠ’ ಎಂದೇ ಇವೆ. ಇಕ್ಕ್ಯೋದಲ್ಲಿ ಒಂದು ಕೈ ಮಣಿಕಟ್ಟನ್ನೂ ಇನ್ನೊಂದು ಮೊಣಕೈಯನ್ನೂ ಹಿಡಿದು, ಎದುರಾಳಿಯ ತೋಳನ್ನು ಅವನ ಮುಖದ ಕಡೆಗೆ ಒತ್ತಿ ಕೆಳಕ್ಕೆ ಬಾಗಿಸುತ್ತದೆ. ಮೊಣಕೈ ಎತ್ತ ಹೋದರೆ ಹೆಗಲು ಅತ್ತ, ಹೆಗಲು ಹೋದತ್ತ ಸೊಂಟ. ನೋವೇ ಇಲ್ಲದೆ ಇಡೀ ದೇಹ ಮಣಿಯುವುದು ಇದರ ಸೊಗಸು. ನಿಕ್ಯೋದಲ್ಲಿ ಮಣಿಕಟ್ಟನ್ನು ಮಡಿಸಿ ಒಳಕ್ಕೆ ತಿರುವುತ್ತಾರೆ. ಮುಂಗೈಯ ಎರಡು ಎಲುಬುಗಳು ಒಂದರ ಮೇಲೊಂದು ಹೊರಳುವ ಮಿತಿ ಮುಗಿದಲ್ಲಿ ನೋವು ಚುರುಕಾಗಿ ಹುಟ್ಟಿ, ಮಂಡಿ ತಾನಾಗಿ ನೆಲಕ್ಕೆ ಬೀಳುತ್ತದೆ. ಸಂಕ್ಯೋದಲ್ಲಿ ಕೈಯನ್ನು ಬಟ್ಟೆ ಹಿಂಡಿದಂತೆ ಮೇಲ್ಮುಖವಾಗಿ ತಿರುಚುವುದರಿಂದ ಎದುರಾಳಿ ತುದಿಗಾಲಲ್ಲಿ ನಿಲ್ಲುತ್ತಾನೆ. ಯೊಂಕ್ಯೋದಲ್ಲಿ ತೋರುಬೆರಳಿನ ಬುಡದ ಗೆಣ್ಣನ್ನು ಮುಂಗೈಯ ಎಲುಬಿನ ಮೇಲೆ, ನರ ಹಾಯುವ ಜಾಗದಲ್ಲಿ ಒತ್ತುತ್ತಾರೆ. ಗೋಕ್ಯೋ ಇಕ್ಕ್ಯೋವನ್ನೇ ಹೋಲುತ್ತದೆ. ಚಾಕು ಹಿಡಿದ ಕೈಯ ಅಲಗು ತಾಗದಂತೆ ಹಿಡಿಯುವ ರೀತಿ ಮಾತ್ರ ಬೇರೆ.

ಇವಕ್ಕೆ ಎಸೆತಗಳು ಸೇರುತ್ತವೆ. ಕೊತೆಗಾಯೆಶಿಯಲ್ಲಿ ಮಣಿಕಟ್ಟನ್ನು ಹೊರಕ್ಕೆ ಮಗುಚಿ ಕೆಡವುತ್ತಾರೆ. ಶಿಹೋನಾಗೆಯಲ್ಲಿ ಎದುರಾಳಿಯ ಕೈ ಹಿಡಿದು ಅದರ ಕೆಳಗೇ ನುಸುಳಿ ತಿರುಗಿ, ಮಡಿಚಿದ ತೋಳನ್ನು ಅವನ ಹೆಗಲ ಹಿಂದಕ್ಕೆ ಕತ್ತಿ ಬೀಸಿದ ಹಾಗೆ ಇಳಿಸುತ್ತಾರೆ. ಆ ಚಲನೆ ನಿಜಕ್ಕೂ ಕತ್ತಿಯ ಬೀಸೇ, ಕೈಯಲ್ಲಿ ಕತ್ತಿಯ ಬದಲು ಎದುರಾಳಿಯ ಮಣಿಕಟ್ಟಿರುತ್ತದೆ ಅಷ್ಟೆ. ಕೊಶಿನಾಗೆ ಸೊಂಟದ ಮೇಲೆ ಹೇರಿ ಎಸೆಯುವ ಪಟ್ಟು. ಜೂಡೋದವರು ಅದನ್ನು ಕಂಡರೆ ತಮ್ಮ ಮನೆಯದೆಂದೇ ಗುರುತಿಸುತ್ತಾರೆ. ಇರಿಮಿನಾಗೆಯಲ್ಲಿ ಎದುರಾಳಿಯ ಬೆನ್ನ ಹಿಂದಿನ ಜಾಗಕ್ಕೆ ನುಗ್ಗಿ, ಅವನ ಕತ್ತನ್ನು ತಮ್ಮ ಹೆಗಲಿಗೆ ಒತ್ತಿಕೊಂಡು, ಅವನನ್ನು ಹಿಮ್ಮುಖವಾಗಿ ಬೀಳಿಸುತ್ತಾರೆ. ಕೊಕ್ಯೂನಾಗೆ ಎಂಬ ಗುಂಪಿನ ಎಸೆತಗಳಲ್ಲಿ ಕೀಲು ತಿರುಚುವುದೂ ಇಲ್ಲ, ಗಟ್ಟಿ ಹಿಡಿತವೂ ಇಲ್ಲ. ಎದುರಾಳಿಯ ಓಟದ ವೇಗ, ಅವನ ಹೆಜ್ಜೆ ಬೀಳುವ ಹೊತ್ತು ನೋಡಿಕೊಂಡು ಸಮತೋಲ ತಪ್ಪಿಸುವುದೇ ಅಲ್ಲಿನ ಗುಟ್ಟು. ಐಕಿಡೋ ಪಟ್ಟಿನ ಕಲೆಯ ಅಂಚಿಗೆ ಬಂದು ನಿಲ್ಲುವುದು ಇಲ್ಲಿ.

ಎದುರಾಳಿಯನ್ನು ಒತ್ತಿಹಿಡಿಯುವ ರೀತಿಯಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಕುಸ್ತಿಯಲ್ಲಿ ಚಿತ್ ಮಾಡಬೇಕು, ಅಂದರೆ ಎದುರಾಳಿಯ ಬೆನ್ನು ನೆಲಕ್ಕೆ ತಾಗಬೇಕು. ಜೂಡೋದಲ್ಲೂ ಅಂಗಾತ ಮಲಗಿಸಿ, ಮೇಲೆ ಮೈಭಾರ ಹೇರಿ, 20 ಸೆಕೆಂಡು ಹಿಡಿದರೆ ಪೂರ್ಣ ಜಯ. ಐಕಿಡೋದಲ್ಲಿ ಎದುರಾಳಿ ಬೋರಲಾಗಿರುತ್ತಾನೆ, ಹಿಡಿದವನು ಪಕ್ಕದಲ್ಲಿ ಮಂಡಿಯೂರಿ ನೆಟ್ಟಗೆ ಕುಳಿತಿರುತ್ತಾನೆ. ಮೈಭಾರ ಹಾಕುವುದಿಲ್ಲ, ನೆಲಕ್ಕೆ ಚಾಚಿದ ಇಲ್ಲವೇ ಎದೆಗಪ್ಪಿಕೊಂಡ ಒಂದು ತೋಳಿನ ಮೂಲಕ ಹೆಗಲನ್ನು ಬಂಧಿಸುತ್ತಾನೆ. ಬೋರಲು ಬಿದ್ದವನ ಕೈಗೆ ಸೊಂಟದ ಆಯುಧ ಸುಲಭಕ್ಕೆ ಎಟುಕದು, ಕಾಲಿನಿಂದ ಒದೆಯಲೂ ಆಗದು. ಹಿಡಿದವನ ತಲೆ ಮೇಲಿರುತ್ತದೆ, ಎರಡನೆಯ ಶತ್ರು ಬಂದರೆ ಕಾಣುತ್ತದೆ, ಬೇಕಾದಾಗ ಬಿಟ್ಟು ಏಳಬಹುದು. ಆರೋಪಿಗೆ ಕೈಕೋಳ ತೊಡಿಸುವ ಪೊಲೀಸರಿಗೂ ಬೇಕಾಗುವುದು ಇದೇ ಭಂಗಿ. ಉಯೆಶಿಬಾರ ಶಿಷ್ಯ ಗೋಝೋ ಶಿಯೋದಾ 1955ರಲ್ಲಿ ಸ್ಥಾಪಿಸಿದ ಯೋಶಿಂಕಾನ್ ಶಾಖೆಯಲ್ಲಿ ಟೋಕಿಯೋದ ಗಲಭೆ ನಿಗ್ರಹ ಪಡೆಯ ಪೊಲೀಸರು ದೀರ್ಘ ತರಬೇತಿ ಪಡೆಯುತ್ತ ಬಂದದ್ದು ಆಕಸ್ಮಿಕವಲ್ಲ.

ಇನ್ನು ಹಿಡಿಯುವವರು ಯಾರು ಎಂಬ ಪ್ರಶ್ನೆ. ಐಕಿಡೋವನ್ನು ಬೇರೆ ಪಟ್ಟಿನ ಕಲೆಗಳಿಂದ ಬೇರ್ಪಡಿಸುವ ನಿಜವಾದ ಗೆರೆ ಇದು. ನೆಲದ ಕಾಳಗ ಇದೆಯೇ ಇಲ್ಲವೇ ಎಂಬುದು ಅದರ ಮುಂದೆ ಸಣ್ಣ ಸಂಗತಿ. ಕುಸ್ತಿಯಲ್ಲಿ ಇಬ್ಬರಿಗೂ ಹಿಡಿತ ಬೇಕು, ಒಳ್ಳೆಯ ಹಿಡಿತ ಸಿಕ್ಕವನದು ಮೇಲುಗೈ. ಜೂಡೋ ಪಂದ್ಯದಲ್ಲಿ ಕೊರಳಪಟ್ಟಿಯ ಹಿಡಿತಕ್ಕಾಗಿ ನಡೆಯುವ ಕೈಗಳ ಜಟಾಪಟಿಯೇ ಒಂದು ಯುದ್ಧ. ಐಕಿಡೋದಲ್ಲಿ ಮೊದಲು ಹಿಡಿಯುವವನು ಸಾಮಾನ್ಯವಾಗಿ ಉಕೆ, ಅಂದರೆ ದಾಳಿ ಮಾಡಿ ಕೊನೆಗೆ ಬೀಳುವವನು. ಒಂದು ಕೈಯಿಂದ ಒಂದು ಮಣಿಕಟ್ಟು, ಎರಡು ಕೈಯಿಂದ ಒಂದು, ಎರಡರಿಂದ ಎರಡು, ಹೆಗಲ ಬಟ್ಟೆ, ಎದೆಯ ಬಟ್ಟೆ, ಹಿಂದಿನಿಂದ ಬಂದು ಎರಡೂ ಮಣಿಕಟ್ಟು, ಹಿಂದಿನಿಂದ ಕತ್ತು ಹೀಗೆ ಹಿಡಿತಗಳ ದೊಡ್ಡ ಪಟ್ಟಿಯೇ ಇದೆ; ಎಲ್ಲವೂ ದಾಳಿಯ ಪಟ್ಟಿಯಲ್ಲಿವೆ. ಹಿಡಿದ ಬೆರಳುಗಳು ಗಟ್ಟಿಯಾದಷ್ಟೂ ಹಿಡಿದವನ ತೋಳು, ಹೆಗಲು ಬಿಗಿಯಾಗುತ್ತವೆ. ಆ ಬಿಗಿತ ಒಂದು ಸೇತುವೆಯಂತೆ: ಹಿಡಿಸಿಕೊಂಡವನು ಸೊಂಟ ತಿರುಗಿಸಿದರೆ ಅದರ ಬಲ ನೇರವಾಗಿ ಹಿಡಿದವನ ನಡುವಿಗೆ ಹೋಗಿ ಮುಟ್ಟುತ್ತದೆ. ಎಳೆದಾಡದೆ, ಕೈ ಕಿತ್ತುಕೊಳ್ಳದೆ, ಆ ಸಂಪರ್ಕವನ್ನು ಉಳಿಸಿಕೊಂಡೇ ಚಲಿಸುವುದನ್ನು ಕಲಿಯಲು ವರ್ಷಗಳೇ ಬೇಕು. ಎದುರಾಳಿಯ ಹಿಡಿತವನ್ನೇ ತನ್ನ ಹಿಡಿತವಾಗಿ ಬಳಸುವ ಕಲೆ ಇದು. ಪಟ್ಟಿನ ವಿದ್ಯೆಯ ಎಷ್ಟು ಸೂಕ್ಷ್ಮ ರೂಪ ಎಂಬುದು ಒಮ್ಮೆ ಕೈ ಹಿಡಿದು ನೋಡಿದವರಿಗೆ ತಿಳಿಯುತ್ತದೆ.

ಹೊಡೆತ ಐಕಿಡೋದಲ್ಲಿ ಪೂರ್ತಿ ಇಲ್ಲವೆಂದಲ್ಲ. ಅತೆಮಿ ಎಂಬ ಹೊಡೆತವನ್ನು ಎದುರಾಳಿಯ ಗಮನ ಕೆಡಿಸಲು, ಅವನ ಮೈ ಹಿಂದಕ್ಕೆ ವಾಲುವಂತೆ ಮಾಡಲು ಬಳಸುತ್ತಾರೆ. ನಿಜವಾದ ಕಾಳಗದಲ್ಲಿ ಐಕಿಡೋದ ಹೆಚ್ಚಿನ ಪಾಲು ಅತೆಮಿಯೇ ಎಂಬುದು ಉಯೆಶಿಬಾರ ಅಭಿಪ್ರಾಯವಾಗಿತ್ತೆಂದು ಶಿಯೋದಾ ಬರೆದಿದ್ದಾರೆ. 1930ರ ದಶಕದ ಚಿತ್ರಗಳಲ್ಲೂ ಪಟ್ಟು ಹಾಕುವ ಮುನ್ನ ಮುಖದತ್ತ, ಪಕ್ಕೆಯತ್ತ ಚಾಚಿದ ಕೈ ಕಾಣುತ್ತದೆ. ಯುದ್ಧಾನಂತರದ ಬೋಧನೆಯಲ್ಲಿ ಬಹಳ ಕಡೆ ಅದು ಬರಿ ಸೂಚನೆಯಾಗಿ ಉಳಿಯಿತು. ಜೊತೆಗೆ ಚಾಕು, ಕತ್ತಿ, ಕೋಲು ಹಿಡಿದವನಿಂದ ಆಯುಧ ಕಸಿಯುವ ಪಾಠಗಳಿವೆ. ಹೊಡೆತ, ಆಯುಧ ಎರಡೂ ಇರುವುದರಿಂದ ಐಕಿಡೋವನ್ನು ಶುದ್ಧ ಪಟ್ಟಿನ ಕಲೆ ಎನ್ನಲಾಗದು ಎಂಬ ವಾದಕ್ಕೆ ಸ್ವಲ್ಪ ತೂಕವಿದೆ. ಆದರೆ ಅತೆಮಿಯಿಂದ ಕಾಳಗ ಮುಗಿಯುವುದಿಲ್ಲ, ಅದು ಪಟ್ಟಿಗೆ ಬಾಗಿಲು ತೆರೆಯುತ್ತದೆ. ಮುಗಿಸುವುದು ಎಸೆತ ಅಥವಾ ಒತ್ತಿಹಿಡಿತ.

ಐಕಿಡೋದಲ್ಲಿ ಇಲ್ಲದ್ದನ್ನೂ ಹೇಳಬೇಕು. ಕಾಲಿಗೆ ಕಾಲು ಕೊಟ್ಟು ಕೆಡವುವುದು ಸಾಮಾನ್ಯ ಪಾಠಕ್ರಮದಲ್ಲಿಲ್ಲ. ಕಾಲು ಹಿಡಿದೆತ್ತುವುದಿಲ್ಲ, ಅಂಗಾತ ಬಿದ್ದವನು ಕೆಳಗಿನಿಂದಲೇ ಹೋರಾಡುವ ವಿದ್ಯೆಯಿಲ್ಲ, ಕತ್ತು ಬಿಗಿಯುವ ಪಟ್ಟುಗಳು ಅಪರೂಪ. ಇನ್ನೊಂದೆಡೆ ಐಕಿಡೋದ ಬಂಡವಾಳವಾದ ಮಣಿಕಟ್ಟಿನ ಪಟ್ಟುಗಳನ್ನು ಬೇರೆ ಕ್ರೀಡೆಗಳು ದೂರವಿಟ್ಟಿವೆ. ಜೂಡೋ ಪಂದ್ಯದಲ್ಲಿ ಮೊಣಕೈಯ ಕೀಲಿಗೆ ಮಾತ್ರ ಪಟ್ಟು ಹಾಕಬಹುದು, ಮಣಿಕಟ್ಟಿಗೆ ಹಾಕುವಂತಿಲ್ಲ. ಬ್ರೆಜಿಲಿಯನ್ ಜುಜುತ್ಸುವಿನ ಮುಖ್ಯ ಸ್ಪರ್ಧಾನಿಯಮಗಳು ಬಿಳಿ ಬೆಲ್ಟ್‌ನವರಿಗೆ ಅದನ್ನು ನಿಷೇಧಿಸಿವೆ. ಮಣಿಕಟ್ಟು ಸಣ್ಣ ಕೀಲು. ಒಮ್ಮೆಲೇ ತಿರುಚಿದರೆ ಸೋಲೊಪ್ಪಿ ನೆಲ ತಟ್ಟಲೂ ಸಮಯ ಸಿಗದೆ ಉಳುಕಿಬಿಡಬಹುದು. ಹೀಗಾಗಿ ಒಬ್ಬರ ಮನೆಯ ಮುಖ್ಯ ಅಡುಗೆ ಇನ್ನೊಬ್ಬರ ಮನೆಯಲ್ಲಿ ನಿಷಿದ್ಧ. ಜೂಡೋ ಪಂದ್ಯಗಳಲ್ಲಿ ಐಕಿಡೋದ ಪಟ್ಟು ಕಾಣದಿರಲು ಅದು ನಿಷ್ಪ್ರಯೋಜಕ ಎಂಬುದೊಂದೇ ಕಾರಣವಲ್ಲ, ನಿಯಮವೇ ಅದನ್ನು ಹೊರಗಿಟ್ಟಿದೆ.

ಆದರೂ ಇನ್ನೊಂದು ಕೊರತೆಯನ್ನು ಮುಚ್ಚಿಡಲಾಗದು. ಕುಸ್ತಿಯೂ ಜೂಡೋವೂ ದಿನನಿತ್ಯ ಪೂರ್ಣ ಪ್ರತಿರೋಧ ತೋರುವ ಜೊತೆಗಾರನೊಡನೆ ಅಭ್ಯಾಸ ಮಾಡುತ್ತವೆ. ಐಕಿಡೋದ ಬಹುಪಾಲು ಶಾಖೆಗಳಲ್ಲಿ ದಾಳಿ ಯಾವುದು, ಪಟ್ಟು ಯಾವುದು, ಬೀಳುವವರು ಯಾರು ಎಂಬುದು ಮೊದಲೇ ಗೊತ್ತಿರುತ್ತದೆ. ಉಯೆಶಿಬಾರಿಗೆ ಸ್ಪರ್ಧೆ ಬೇಡವಾಗಿತ್ತು. ಗೆದ್ದೆ ಸೋತೆ ಎಂಬ ಭಾವ ತಮ್ಮ ಕಲೆಯ ಗುರಿಗೇ ವಿರುದ್ಧವೆಂದು ಅವರು ನಂಬಿದ್ದರು. ಇದರಿಂದ ಅಪಾಯಕಾರಿ ಪಟ್ಟುಗಳನ್ನು ಸುರಕ್ಷಿತವಾಗಿ ಕಲಿಯಲು ಸಾಧ್ಯವಾಯಿತು, ಇಳಿವಯಸ್ಸಿನವರೂ ಚಾಪೆಗಿಳಿಯುವಂತಾಯಿತು. ಆದರೆ ಒಪ್ಪದ ದೇಹವನ್ನು ಮಣಿಸುವ ಅನುಭವ, ಅಂದರೆ ಪಟ್ಟಿನ ಕಲೆಯ ಜೀವಾಳ, ತೆಳುವಾಯಿತು. ಐಕಿಡೋ ಗ್ರಾಪ್ಲಿಂಗ್ ಅಲ್ಲ ಎನ್ನುವ ಕುಸ್ತಿಪಟುಗಳ ದೂರಿನ ತಿರುಳು ಇದೇ. ಅದು ಅಭ್ಯಾಸದ ವಿಧಾನದ ಮೇಲಿನ ನ್ಯಾಯವಾದ ಟೀಕೆ, ಪಟ್ಟುಗಳ ಸ್ವರೂಪದ ಬಗ್ಗೆ ಕೊಟ್ಟ ತೀರ್ಪಲ್ಲ.

ಈ ಕಂದಕಕ್ಕೆ ಸೇತುವೆ ಕಟ್ಟಲು ಹೊರಟವರು ಕೆಂಜಿ ತೊಮಿಕಿ (1900–1979). ಮೊದಲು ಜೂಡೋ ಪಟು, ಆಮೇಲೆ ಉಯೆಶಿಬಾರ ಶಿಷ್ಯ. 1940ರಲ್ಲಿ ಗುರುವಿನಿಂದ ಎಂಟನೆಯ ಡಾನ್ ದರ್ಜೆ ಪಡೆದ ಮೊದಲಿಗ. ಎರಡು ಕಲೆಗಳ ನಡುವಿನ ಕೊಡುಕೊಳ್ಳುವಿಕೆಗೆ ಅದಾಗಲೇ ಇತಿಹಾಸವಿತ್ತು. 1930ರಲ್ಲಿ ಕಾನೋ ಸ್ವತಃ ಉಯೆಶಿಬಾರ ಪ್ರದರ್ಶನ ನೋಡಿ ಮೆಚ್ಚಿ, ಮಿನೋರು ಮೊಚಿಜುಕಿ ಮೊದಲಾದ ಕೊಡೋಕಾನಿನ ಶಿಷ್ಯರನ್ನು ಅವರಲ್ಲಿಗೆ ಕಲಿಯಲು ಕಳಿಸಿದ್ದರು. ಜೂಡೋದ ಜನಕನಿಗೆ ಅಲ್ಲಿ ಕಂಡದ್ದು ತನ್ನ ವಿದ್ಯೆಯದೇ ಇನ್ನೊಂದು ಮುಖ. ತೊಮಿಕಿ ಅದನ್ನು ಸಿದ್ಧಾಂತವಾಗಿ ಬೆಳೆಸಿದರು. ಬಟ್ಟೆ ಹಿಡಿದು ತೆಕ್ಕೆಗೆ ಬಿದ್ದಾಗ ಕೆಲಸಕ್ಕೆ ಬರುವ ಪಟ್ಟುಗಳು ಜೂಡೋದವು, ಕೈಯಳತೆಯ ದೂರದಲ್ಲಿ ಕೆಲಸಕ್ಕೆ ಬರುವ ಪಟ್ಟುಗಳು ಐಕಿಡೋದವು. ಎರಡೂ ಜುಜುತ್ಸು ಎಂಬ ಒಂದೇ ಪೂರ್ಣ ವಿದ್ಯೆಯ ಭಾಗಗಳು ಎಂದು ವಾದಿಸಿದರು. 1956ರಲ್ಲಿ ಕೊಡೋಕಾನ್ ರೂಪಿಸಿದ 21 ಪಟ್ಟುಗಳ ಆತ್ಮರಕ್ಷಣೆಯ ಪಾಠದಲ್ಲಿ ಅವರ ಪಾತ್ರ ದೊಡ್ಡದು. ಸ್ಪರ್ಧೆಯಿಂದ ಹೊರಬಿದ್ದ ಮಣಿಕಟ್ಟಿನ ಪಟ್ಟುಗಳು ಅಲ್ಲಿ ಜೂಡೋದೊಳಗೇ ಮರಳಿ ಬಂದಿವೆ.

ವಾಸೆದಾ ವಿಶ್ವವಿದ್ಯಾಲಯದಲ್ಲಿ ತೊಮಿಕಿ ಇನ್ನೂ ಮುಂದೆ ಹೋದರು. ಪ್ರತಿರೋಧದ ನಡುವೆ ಸುರಕ್ಷಿತವಾಗಿ ಮಾಡಬಹುದಾದ 17 ಪಟ್ಟುಗಳನ್ನು ಆರಿಸಿದರು: ಬಹುಮಟ್ಟಿಗೆ ಮುಖ, ಗಲ್ಲ ಅಥವಾ ನಡುವನ್ನು ತಳ್ಳಿ ಕೆಡವುವ ಐದು, ಮೊಣಕೈಯವು ಐದು, ಮಣಿಕಟ್ಟಿನವು ನಾಲ್ಕು, ಎಸೆತಗಳು ಮೂರು. ಅವುಗಳ ಮೇಲೆ ಸ್ಪರ್ಧೆ ಕಟ್ಟಿದರು. ಒಬ್ಬನ ಕೈಯಲ್ಲಿ ಮೆತ್ತನೆಯ ನಕಲಿ ಚಾಕು. ಅವನು ಎದುರಾಳಿಯ ಮೈಗೆ ಚುಚ್ಚಿ ಅಂಕ ಗಳಿಸುತ್ತಾನೆ, ಬರಿಗೈಯವನು ಪಟ್ಟು ಹಾಕಿ ಗಳಿಸುತ್ತಾನೆ, ಅರ್ಧ ಸಮಯಕ್ಕೆ ಚಾಕು ಕೈ ಬದಲಾಗುತ್ತದೆ. ಚಾಕುವಿನ ಭಯವೇ ಇಬ್ಬರನ್ನೂ ತೆಕ್ಕೆ ಬೀಳದಂತೆ ದೂರವಿಡುತ್ತದೆ. ಕತ್ತಿ ಹಿಂದೆ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ನಕಲಿ ಚಾಕು ಮಾಡುತ್ತದೆ. ಒಂದು ಕಾಲದ ಸಂದರ್ಭವನ್ನು ಆಟದ ನಿಯಮವಾಗಿ ಮರುಸೃಷ್ಟಿಸಿದ ಈ ಜಾಣ್ಮೆಗೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ. ಸ್ಪರ್ಧೆಯನ್ನೇ ಒಪ್ಪದ ಮುಖ್ಯ ಸಂಸ್ಥೆ ಐಕಿಕಾಯ್ ತೊಮಿಕಿಯ ದಾರಿಯಿಂದ ದೂರವೇ ಉಳಿಯಿತು.

ಹೀಗಾಗಿ ಉತ್ತರ ಶಾಖೆಯಿಂದ ಶಾಖೆಗೆ ಅಷ್ಟಿಷ್ಟು ಬದಲಾಗುತ್ತದೆ. ತೊಮಿಕಿಯ ಶಾಖೆ ಪಟ್ಟಿನ ಕ್ರೀಡೆಗೆ ಅತಿ ಹತ್ತಿರ. ಮೊಚಿಜುಕಿ ಕಟ್ಟಿದ ಯೋಸೆಯ್‌ಕಾನ್‌ನಲ್ಲಿ ಐಕಿಡೋದೊಡನೆ ಜೂಡೋ, ಕರಾಟೆ ಎಲ್ಲ ಬೆರೆತಿವೆ. ಯೋಶಿಂಕಾನ್‌ನಲ್ಲಿ ಬಿಗಿಯಾದ ನಿಲುವು, ಖಚಿತವಾದ ಕೀಲುಪಟ್ಟುಗಳಿಗೆ ಒತ್ತು. ಕೊಯಿಚಿ ತೊಹೇ ಬೇರೆಯಾಗಿ ಬೆಳೆಸಿದ ಪಂಥದಲ್ಲಿ ಕಿ ಎಂಬ ಪ್ರಾಣಶಕ್ತಿಯ ಸಾಧನೆಗೆ ಪ್ರಾಧಾನ್ಯ. ಅಲ್ಲಿ ಹಿಡಿತ ಬಹಳ ಹಗುರ. ಐಕಿಕಾಯ್ ಇವೆಲ್ಲದರ ನಡುವೆ ವಿಶಾಲವಾಗಿ ಹರಡಿಕೊಂಡಿದೆ. ಎಲ್ಲ ಶಾಖೆಗಳಿಗೂ ಬಹುಮಟ್ಟಿಗೆ ಸಾಮಾನ್ಯವಾದ ಐದು ಪಾಠಗಳನ್ನೂ ಎಸೆತಗಳನ್ನೂ ಮುಂದಿಟ್ಟುಕೊಂಡು ನೋಡಿದರೆ ಐಕಿಡೋ ಪಟ್ಟಿನ ಕಲೆಯೇ. ಅದು ನಿಂತು ಮಾಡುವ, ತೋಳಿನ ಮೂಲಕ ಮಾಡುವ, ಆಯುಧದ ಸಾಧ್ಯತೆಯನ್ನು ಎಂದೂ ಮರೆಯದ ಪಟ್ಟು. ನೆಲದ ಕಾಳಗ ಕಲಿಯಬೇಕೆಂದು ಬಂದವರಿಗೆ ಇಲ್ಲಿ ಅದು ಸಿಗುವುದಿಲ್ಲ. ಬೀಳುವ ವಿದ್ಯೆ, ದೂರದ ಲೆಕ್ಕ, ಹಿಡಿದ ಕೈಯಿಂದ ಎದುರಾಳಿಯ ತೂಕ ಎಲ್ಲಿದೆಯೆಂದು ಓದುವ ಸ್ಪರ್ಶಜ್ಞಾನ ಇವು ಧಾರಾಳವಾಗಿ ಸಿಗುತ್ತವೆ.

ಅನೇಕ ಡೋಜೋಗಳಲ್ಲಿ, ಅಂದರೆ ಅಭ್ಯಾಸಶಾಲೆಗಳಲ್ಲಿ, ದಿನದ ಪಾಠ ಮುಗಿಯುವುದು ಕೊಕ್ಯೂಹೋ ಎಂಬ ಅಭ್ಯಾಸದಿಂದ. ಇಬ್ಬರು ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಎದುರುಬದುರು ಕೂರುತ್ತಾರೆ. ಒಬ್ಬ ಇನ್ನೊಬ್ಬನ ಎರಡೂ ಮಣಿಕಟ್ಟುಗಳನ್ನು ಬಿಗಿಯಾಗಿ ಹಿಡಿಯುತ್ತಾನೆ. ಹಿಡಿಸಿಕೊಂಡವನು ತೋಳಿನ ಬಲ ಹಾಕದೆ, ಸೊಂಟದಿಂದ ಮುಂದಕ್ಕೆ ಸಾಗಿ, ಬೆರಳುಗಳನ್ನು ಮೇಲಕ್ಕೆ ಹೊರಳಿಸಿ ಅವನನ್ನು ಪಕ್ಕಕ್ಕೆ ಉರುಳಿಸುತ್ತಾನೆ, ಉರುಳಿದವನ ಎದೆಯ ಬಳಿ ಮಂಡಿಯೂರಿ ಕೈಗಳನ್ನು ಅವನ ಮೇಲಿಟ್ಟು ಒಂದು ಕ್ಷಣ ಅಲುಗದಂತೆ ತಡೆಹಿಡಿಯುತ್ತಾನೆ. ಆಮೇಲೆ ಬಿಡುತ್ತಾನೆ, ಇಬ್ಬರೂ ಎದ್ದು ಕೂರುತ್ತಾರೆ, ಈಗ ಹಿಡಿಯುವ ಸರದಿ ಉರುಳಿಸಿದವನದಾಗುತ್ತದೆ.